ಹೊಸ ಮೊಣಕಾಲು, ಹಳೆಯ ಸಡಿಲ

ಮೊಣಕಾಲಿನ ಆಪರೇಶನ್ ಆಗಿ ಮನೆಗೆ ಬಂದವರನ್ನು ಮಾತಾಡಿಸಲು ಹೋದವರು ತೇರದಾಳ, ರಬಕವಿ, ಬನಹಟ್ಟಿ ಕಡೆ ಮೊದಲು ಕೇಳುವುದು ಒಂದೇ ಮಾತು: ‘ಎಷ್ಟ ಮಡಚತೈತ್ರಿ?’ 90 ಡಿಗ್ರಿ ಮಡಚಿದರೆ ಸಮಾಧಾನ, 120 ಮಡಚಿದರೆ ಸಂಭ್ರಮ. ಸವಕಳಿಯಿಂದ ಬಿಗಿದುಕೊಂಡಿದ್ದ ಕಾಲಿಗೆ ಹೊಸ ಕೀಲು ಹಾಕಿಸಿಕೊಂಡ ಬಹುಪಾಲು ಜನರ ಮಟ್ಟಿಗೆ ಈ ಲೆಕ್ಕ ಸರಿಯೇ. ಆದರೆ ಹುಟ್ಟಿನಿಂದಲೇ ಕೀಲುಗಳು ಸಡಿಲ ಇರುವವರದು ಬೇರೆ ಕಥೆ. ಆಪರೇಶನ್ ಆದ ಕೆಲವೇ ವಾರಗಳಲ್ಲಿ ಅವರ ಕಾಲು ಸಲೀಸಾಗಿ ಮಡಚುತ್ತದೆ, ನಿಂತಾಗ ನೆಟ್ಟಗಾಗಿ ಇನ್ನೂ ಹಿಂದಕ್ಕೆ ಬಾಗುತ್ತದೆ. ಮನೆಮಂದಿ ಹಿಗ್ಗುತ್ತಾರೆ. ಅಂಥ ಕಾಲನ್ನು ಹಿಗ್ಗುವ ಮೊದಲು ವೈದ್ಯರಿಗೆ ತೋರಿಸಬೇಕು.

ಮೂರು ನಾಲ್ಕು ತಿಂಗಳು ಕಳೆದ ಮೇಲೆ ಇವರ ದೂರು ಶುರುವಾಗುತ್ತದೆ. ನೋವು ಅಷ್ಟಿಲ್ಲ, ಆದರೆ ‘ಕಾಲಿನ ಮ್ಯಾಲ ನಂಬಿಗಿ ಬರವಲ್ದು’. ಮೆಟ್ಟಿಲು ಇಳಿಯುವಾಗ, ಕುರ್ಚಿಯಿಂದ ಏಳುವಾಗ, ಹೊಲದ ಬದುವಿನ ಮೇಲೆ ಕಾಲಿಟ್ಟಾಗ ಒಳಗೆ ಏನೋ ಸರಕ್ಕನೆ ಜಾರಿದಂತಾಗುತ್ತದೆ. ಸಂಜೆಯಾದರೆ ಕೀಲಿನಲ್ಲಿ ನೀರು ತುಂಬಿ ಊದುತ್ತದೆ. ಎಕ್ಸ್‌ರೇ ತೆಗೆಸಿದರೆ ‘ಎಲ್ಲ ಬರೋಬ್ಬರಿ ಐತಿ’ ಎಂಬ ಉತ್ತರ ಬರುತ್ತದೆ. ಮಲಗಿಸಿ ತೆಗೆದ ಚಿತ್ರದಲ್ಲಿ ಲೋಹ ಕೂತ ಜಾಗ ಕಾಣುತ್ತದೆ, ಕಾಲಿನ ಮೇಲೆ ಭಾರ ಬಿದ್ದಾಗ ಅದು ಎಷ್ಟು ಅಲುಗುತ್ತದೆ ಎನ್ನುವುದು ಕಾಣುವುದಿಲ್ಲ. ರೋಗಿ ಸುಳ್ಳು ಹೇಳುತ್ತಿಲ್ಲ. ಇದಕ್ಕೆ ವೈದ್ಯಕೀಯದಲ್ಲಿ ಕೀಲಿನ ಅಸ್ಥಿರತೆ ಎನ್ನುತ್ತಾರೆ. ಬದಲಿಸಿದ ಮೊಣಕಾಲನ್ನು ಮತ್ತೆ ತೆರೆಯಬೇಕಾಗಿ ಬರುವ ಕಾರಣಗಳಲ್ಲಿ ಸೋಂಕು, ಲೋಹ ಎಲುಬಿನಿಂದ ಸಡಿಲಾಗುವುದು, ಇವುಗಳ ಜೊತೆಗೇ ಇದರ ಹೆಸರು ಬರುತ್ತದೆ.

ಹಿಡಿದಿಡುವುದು ಯಾವುದು

ಆಪರೇಶನ್‌ನಲ್ಲಿ ಮಾಡುವುದಿಷ್ಟು: ತೊಡೆಯೆಲುಬಿನ ಮತ್ತು ಕೆಳಗಾಲಿನ ಎಲುಬಿನ ಸವೆದ ತುದಿಗಳನ್ನು ಅಳತೆಗೆ ಕತ್ತರಿಸಿ ಲೋಹದ ಹೊದಿಕೆ ಕೂಡಿಸುತ್ತಾರೆ, ನಡುವೆ ಗಟ್ಟಿ ಪಾಲಿಥಿನ್‌ನ ಬಿಲ್ಲೆ ಇಡುತ್ತಾರೆ. ಮೊಣಕಾಲಿಗೆ ನಾಲ್ಕು ಮುಖ್ಯ ಅಸ್ಥಿರಜ್ಜುಗಳಿವೆ. ಎರಡು ಒಳಬದಿ ಹೊರಬದಿಗೆ, ಎರಡು ನಡುವೆ ಒಂದನ್ನೊಂದು ಹಾಯ್ದು. ನಡುವಿನ ಎರಡರಲ್ಲಿ ಮುಂದಿನದನ್ನು ಸಾಮಾನ್ಯವಾಗಿ ತೆಗೆದುಬಿಡುತ್ತಾರೆ. ಹಿಂದಿನದನ್ನು ಕೆಲವು ವಿನ್ಯಾಸಗಳಲ್ಲಿ ಉಳಿಸಿಕೊಳ್ಳುತ್ತಾರೆ, ಕೆಲವದರಲ್ಲಿ ಅದನ್ನೂ ತೆಗೆದು ಅದರ ಕೆಲಸವನ್ನು ಬಿಲ್ಲೆಯ ನಡುವೆ ಎದ್ದಿರುವ ಗೂಟಕ್ಕೆ ಒಪ್ಪಿಸುತ್ತಾರೆ. ಬದಿಯ ಎರಡು ರಜ್ಜುಗಳು ಮಾತ್ರ ರೋಗಿಯವೇ. ಲೋಹ ಎಷ್ಟೇ ದುಬಾರಿಯದಿರಲಿ, ಅದನ್ನು ಅತ್ತಿತ್ತ ವಾಲದಂತೆ ಹಿಡಿಯುವುದು ಆ ಹಳೆಯ ರಜ್ಜುಗಳು ಮತ್ತು ತೊಡೆಯ ಸ್ನಾಯುಗಳು.

ಮಗ್ಗದ ಮುಂದೆ ಕೂತು ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಹಾಸು ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ, ಸಡಿಲಾದರೆ ನೇಯ್ಗೆ ಕೂಡುವುದಿಲ್ಲ. ಕಾಲು ನೀಡಿದಾಗಲೂ ಮಡಚಿದಾಗಲೂ ಬಿಗಿ ಸಮನಾಗಿ ಬರುವಂತೆ ಎಲುಬು ಕತ್ತರಿಸುವುದು, ಬಿಲ್ಲೆಯ ದಪ್ಪ ಗೊತ್ತು ಮಾಡುವುದು ಶಸ್ತ್ರಚಿಕಿತ್ಸಕರ ಕಸುಬಿನ ಸೂಕ್ಷ್ಮ. ಎಳೆಯೇ ಹಿಗ್ಗುವಂಥದ್ದಾಗಿದ್ದರೆ? ಮೇಜಿನ ಮೇಲೆ ಹದವಾಗಿ ಕೂತ ಕೀಲು ಆರು ತಿಂಗಳ ನಡಿಗೆಯಲ್ಲಿ ಹಿಗ್ಗಿ ಸಡಿಲಾಗಬಹುದು. ಸಂಯೋಜಕ ಅಂಗಾಂಶದ ತೊಂದರೆ ಇರುವವರಲ್ಲಿ ಆಗುವುದು ಇದೇ.

ಚರ್ಮ, ರಜ್ಜು, ರಕ್ತನಾಳದ ಗೋಡೆ ಇವುಗಳಿಗೆಲ್ಲ ಬಲ ಕೊಡುವ ಅಂಗಾಂಶವದು. ಅದರ ಮುಖ್ಯ ಸಾಮಗ್ರಿ ಕೊಲಾಜೆನ್ ಎಂಬ ಪ್ರೋಟೀನು. ಅದು ಹುಟ್ಟಿನಿಂದಲೇ ಸರಿಯಾಗಿ ತಯಾರಾಗದ ಕಾಯಿಲೆಗಳ ಗುಂಪಿಗೆ, 1901ರಲ್ಲಿ ವಿವರಿಸಿದ ಡೆನ್ಮಾರ್ಕಿನ ಎಡ್ವರ್ಡ್ ಏಲರ್ಸ್ ಮತ್ತು 1908ರಲ್ಲಿ ವಿವರಿಸಿದ ಫ್ರಾನ್ಸಿನ ಆನ್ರಿ ಡಾನ್ಲೋ ಇವರ ಹೆಸರಿನಿಂದ ಏಲರ್ಸ್–ಡಾನ್ಲೋಸ್ ಸಿಂಡ್ರೋಮ್ ಎನ್ನುತ್ತಾರೆ. 2017ರ ಅಂತರರಾಷ್ಟ್ರೀಯ ವರ್ಗೀಕರಣ ಇದರಲ್ಲಿ 13 ಬಗೆ ಗುರುತಿಸಿತು. ಎಲ್ಲಕ್ಕಿಂತ ಹೆಚ್ಚು ಕಾಣುವುದು ಕೀಲು ಸಡಿಲದ ಬಗೆ. ಅದಕ್ಕೆ ಕಾರಣವಾದ ಜೀನ್ ಪತ್ತೆಯಾಗಿಲ್ಲ, ಆದ್ದರಿಂದ ರಕ್ತ ಪರೀಕ್ಷೆಯಿಂದ ತಿಳಿಯುವುದಿಲ್ಲ, ವೈದ್ಯರು ಮೈಮುಟ್ಟಿ ನೋಡಿಯೇ ಹೇಳಬೇಕು. ಎತ್ತರದ ನಿಲುವು, ಉದ್ದ ಬೆರಳು, ಹೃದಯದ ಮಹಾಪಧಮನಿ ಹಿಗ್ಗುವುದು ಇವುಗಳಿಂದ ಗುರುತಾಗುವ ಮಾರ್ಫಾನ್ ಸಿಂಡ್ರೋಮ್ ಇನ್ನೊಂದು.

ನಮ್ಮ ಕಡೆ ಹೆಚ್ಚಾಗಿ ಕಾಣಸಿಗುವುದು ಮತ್ತೊಂದು ಗುಂಪು. ಅದು ಹುಟ್ಟಿನಿಂದ ಬಂದದ್ದಲ್ಲ. ರುಮಟಾಯ್ಡ್ ಸಂಧಿವಾತ, ಲೂಪಸ್‌ನಂಥ ಕಾಯಿಲೆಗಳು ವರ್ಷಗಟ್ಟಲೆ ಉರಿಯೂತದಿಂದ ರಜ್ಜುಗಳನ್ನು ತೆಳ್ಳಗೆ ಮಾಡುತ್ತವೆ. ಅದರ ಮೇಲೆ, ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುವ ‘ವಾತದ ಗುಳಿಗೆ’ಗಳಲ್ಲಿ ಸ್ಟೀರಾಯ್ಡ್ ಇದ್ದರೆ ಅದು ಚರ್ಮ, ಎಲುಬು, ರಜ್ಜು ಮೂರನ್ನೂ ಸೊರಗಿಸುತ್ತದೆ. ಅಂಥ ಗುಳಿಗೆ ತಿಂದಿದ್ದರೆ ಮುಚ್ಚಿಡಬೇಡಿ. ಆಪರೇಶನ್ ಮಾಡುವವರು ಬಯ್ಯಬಹುದು, ಬಯ್ಯಲಿ. ದಿನವೂ ತಿನ್ನುತ್ತಿದ್ದ ಸ್ಟೀರಾಯ್ಡನ್ನು ಆಪರೇಶನ್ ಹತ್ತಿರ ಬಂತೆಂದು ನೀವೇ ತಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ.

ಸೋದರಮಾವ, ಅತ್ತೆಯ ಮಗ ಎಂದು ಒಳಸಂಬಂಧ ಮಾಡುವ ಮನೆಗಳಲ್ಲಿ ‘ಅದರಿಂದಲೇ ಬಂತೇನೋ’ ಎಂಬ ಅಳುಕು ಇರುತ್ತದೆ. ಕೆಲವು ಅಪರೂಪದ ಬಗೆಗಳಿಗೆ ಅದು ನಿಜ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗಲೇ ಅವು ಕಾಣಿಸುತ್ತವೆ. ಆದರೆ ಸಾಮಾನ್ಯ ಬಗೆಗಳು, ಮಾರ್ಫಾನ್ ಸಹಿತ, ಒಬ್ಬರಿಂದ ಬಂದರೂ ಸಾಕು. ಹಾಗಾಗಿ ಮದುವೆಯ ಲೆಕ್ಕ ಹಾಕುವುದಕ್ಕಿಂತ ಅಜ್ಜಿ, ಚಿಕ್ಕಮ್ಮ, ಅಣ್ಣತಮ್ಮಂದಿರ ಕೀಲುಗಳನ್ನು ನೆನಪು ಮಾಡಿಕೊಳ್ಳುವುದು ಹೆಚ್ಚು ಉಪಯೋಗ.

ಆಪರೇಶನ್‌ಗೆ ಮೊದಲು ಹೇಳಬೇಕಾದದ್ದು

ಕೀಲು ಸಡಿಲ ಇದೆಯೇ ಎಂದು ನೋಡಲು ಯಂತ್ರ ಬೇಡ. ಪೀಟರ್ ಬೈಟನ್ ಮತ್ತು ಜೊತೆಗಾರರು 1973ರಲ್ಲಿ ರೂಪಿಸಿದ 9 ಅಂಕಗಳ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟಿ ಬಾಗಿದರೆ ಪ್ರತಿ ಕೈಗೆ ಒಂದು ಅಂಕ. ಹೆಬ್ಬೆರಳು ಮುಂಗೈಗೆ ತಾಗಿದರೆ ಪ್ರತಿ ಕೈಗೆ ಒಂದು. ಮೊಣಕೈ 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಿದರೆ ಒಂದೊಂದು, ಮೊಣಕಾಲಿಗೂ ಹಾಗೆಯೇ. ಮೊಣಕಾಲು ಮಡಚದೆ ಬಗ್ಗಿ ಅಂಗೈ ನೆಲಕ್ಕೂರಿದರೆ ಇನ್ನೊಂದು. ವಯಸ್ಕರಲ್ಲಿ 5, ಐವತ್ತು ದಾಟಿದವರಲ್ಲಿ 4 ಅಂಕ ಬಂದರೂ ಕೀಲು ಸಡಿಲ ಎಂದು ಎಣಿಸುತ್ತಾರೆ.

ಒಂದು ತೊಡಕಿದೆ. ಮೊಣಕಾಲು ಬದಲಿಸುವ ವಯಸ್ಸಿಗೆ ಬರುವಷ್ಟರಲ್ಲಿ ಸವಕಳಿ, ಬೆನ್ನುನೋವು, ಮೈಭಾರ ಎಲ್ಲ ಸೇರಿ ಕೀಲುಗಳು ಬಿಗಿದಿರುತ್ತವೆ. ಈಗ ಅಳೆದರೆ ಅಂಕ ಕಡಿಮೆ ಬರುತ್ತದೆ. ಅದಕ್ಕೇ ಚಿಕ್ಕಂದಿನದನ್ನೂ ಕೇಳಬೇಕು: ಶಾಲೆಯಲ್ಲಿ ಮೈ ಹೇಗೆಂದರೆ ಹಾಗೆ ಮಣಿಸಿ ಗೆಳತಿಯರನ್ನು ನಗಿಸುತ್ತಿದ್ದಿರಾ? ಭುಜವೋ ಮೊಣಕಾಲ ಚಿಪ್ಪೋ ಒಂದಕ್ಕಿಂತ ಹೆಚ್ಚು ಸಲ ಜಾರಿತ್ತೇ? ಪಾದ ಪದೇಪದೇ ಉಳುಕುತ್ತಿತ್ತೇ? ಗಾಯದ ಕಲೆ ತೆಳ್ಳಗೆ ಅಗಲವಾಗಿ ಹರಡುತ್ತದೆಯೇ? ಸುಮ್ಮನೆ ತಾಗಿದರೂ ಮೈ ಕಪ್ಪುಗಟ್ಟುತ್ತದೆಯೇ? ಹಲ್ಲು ಕೀಳಿಸುವಾಗ ಮರಗಟ್ಟುವ ಇಂಜೆಕ್ಷನ್ ಹತ್ತಲೇ ಇಲ್ಲವೇ? ಮನೆಯಲ್ಲಿ ಯಾರಾದರೂ ಎಳೆ ವಯಸ್ಸಿಗೆ ಎದೆಯ ರಕ್ತನಾಳ ಒಡೆದು ತೀರಿಹೋಗಿದ್ದಾರೆಯೇ? ಇವುಗಳಲ್ಲಿ ಎರಡು ಮೂರಕ್ಕೆ ಹೌದೆಂದರೆ ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಮೇಜಿನ ಮೇಲಿಡಿ. ನೂರು ಜನರ ಸರದಿಯ ನಡುವೆ ಅವರಾಗಿಯೇ ಇದನ್ನೆಲ್ಲ ಕೇಳುತ್ತಾರೆಂದು ಕಾಯಬೇಡಿ.

ಆಪರೇಶನ್ ಬೇಕೇ ಎಂಬ ಪ್ರಶ್ನೆಯನ್ನೂ ಇಲ್ಲೇ ಕೇಳಬೇಕು. ಸಡಿಲ ಕೀಲಿನವರ ನೋವೆಲ್ಲ ಸವಕಳಿಯಿಂದ ಬಂದದ್ದಲ್ಲ. ಸ್ನಾಯು ದಣಿವು, ಚಿಪ್ಪು ಜಾರುವುದು, ರಜ್ಜುಗಳ ಎಳೆತ ಇವೂ ನೋಯಿಸುತ್ತವೆ. ಎಕ್ಸ್‌ರೇಯಲ್ಲಿ ಎಲುಬಿಗೆ ಎಲುಬು ತಾಗುವಷ್ಟು ಸವಕಳಿ ಇಲ್ಲದೆ, ಬರೀ ಜಾರುತ್ತದೆ, ನೋಯುತ್ತದೆ ಎಂದು ಕೀಲು ಬದಲಿಸಿಕೊಂಡವರಿಗೆ ಸಮಾಧಾನ ಸಿಗುವುದು ಕಷ್ಟ. ಆಪರೇಶನ್ ಹೆದರಿಕೆ ಹುಟ್ಟಿಸುವ ಕಾಲ ಹೋಯಿತು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ 2000 ಮತ್ತು 2001ರಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಒಂದೊಂದಾಗಿ ಎರಡೂ ಮೊಣಕಾಲು ಬದಲಿಸಿಕೊಂಡಾಗ ಹಳ್ಳಿಹಳ್ಳಿಗೂ ಈ ಚಿಕಿತ್ಸೆಯ ಸುದ್ದಿ ತಲುಪಿತ್ತು. ಈಗಿನ ತೊಂದರೆ ಅವಸರ. ‘ಎರಡೂ ಒಮ್ಮೆಲೆ ಮಾಡಿ ಮುಗಿಸಿಬಿಡೋಣ’ ಎಂಬ ಸಲಹೆ ಸಡಿಲ ಕೀಲಿನವರಿಗೆ ಬಂದರೆ ನನ್ನ ಅಭಿಪ್ರಾಯ ಕಾಯಿರಿ ಎಂದೇ. ಒಂದು ಕಾಲು ಹೇಗೆ ನಿಲ್ಲುತ್ತದೆ ನೋಡಿಕೊಂಡು ಇನ್ನೊಂದಕ್ಕೆ ಹೋಗುವುದರಲ್ಲಿ ನಷ್ಟವಿಲ್ಲ. ಊರಿ ನಿಲ್ಲಲು ಒಂದಾದರೂ ಹಳೆಯ ಕಾಲು ಇರುತ್ತದೆ.

ಶಸ್ತ್ರಚಿಕಿತ್ಸಕರನ್ನು ನೇರವಾಗಿ ಕೇಳಬಹುದಾದದ್ದು ಇಷ್ಟು: ಹಿಂದಿನ ಅಡ್ಡರಜ್ಜುವನ್ನು ನೆಚ್ಚಿಕೊಳ್ಳುವ ಕೀಲು ಹಾಕುತ್ತೀರಾ, ಗೂಟದ್ದೇ? ಮೇಜಿನ ಮೇಲೆ ಸಡಿಲು ಹೆಚ್ಚು ಕಂಡರೆ ಇನ್ನೂ ಬಿಗಿ ಹಿಡಿಯುವ ಕೀಲು ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಸಿದ್ಧ ಇರುತ್ತದೆಯೇ? ಬಿಗಿ ಹಿಡಿಯುವ ಕೀಲುಗಳಲ್ಲಿ ದಪ್ಪ ಗೂಟದವು, ಕೊನೆಗೆ ಬಾಗಿಲ ಕೀಲಿನ ಹಾಗೆ ಎರಡೂ ಭಾಗ ಜೋಡಿಸಿದವು ಎಂದು ಹಂತಗಳಿವೆ. ‘ಎಲ್ಲಕ್ಕಿಂತ ಗಟ್ಟಿ ಇರೂದ ಹಾಕ್ರಿ’ ಎಂದು ದುಂಬಾಲು ಬೀಳಬೇಡಿ. ಕೀಲು ಎಷ್ಟು ಬಿಗಿ ಹಿಡಿಯುತ್ತದೋ ಅಷ್ಟು ಎಳೆತ ಲೋಹ ಮತ್ತು ಎಲುಬು ಕೂಡುವ ಸಿಮೆಂಟಿನ ಮೇಲೆ ಬೀಳುತ್ತದೆ, ಕ್ರಮೇಣ ಬುಡವೇ ಸಡಿಲಾಗಬಹುದು. ನಲವತ್ತೈದರ ವಯಸ್ಸಿನಲ್ಲೇ ಆಪರೇಶನ್‌ಗೆ ಬಂದವರಿಗೆ ಇದು ಸಣ್ಣ ಮಾತಲ್ಲ.

ಅರಿವಳಿಕೆ ಕೊಡುವವರಿಗೂ ವಿಷಯ ಗೊತ್ತಿರಬೇಕು. ರುಮಟಾಯ್ಡ್ ಇದ್ದವರಲ್ಲಿ ಕತ್ತಿನ ಮೇಲಿನ ಎಲುಬುಗಳೂ ಸಡಿಲಾಗಿರಬಹುದು, ಕತ್ತಿನ ಎಕ್ಸ್‌ರೇ ಬೇಕಾಗುತ್ತದೆ. ಮಾರ್ಫಾನ್ ಶಂಕೆ ಇದ್ದರೆ ಎಕೋ ಪರೀಕ್ಷೆ ಮಾಡಿಸದೆ ಮೇಜು ಹತ್ತಬಾರದು. ಏಲರ್ಸ್–ಡಾನ್ಲೋಸ್‌ನಲ್ಲಿ ಗಾಯ ನಿಧಾನ ಮಾಯುವುದರಿಂದ ಹೊಲಿಗೆಯನ್ನು ವಾಡಿಕೆಗಿಂತ ಹೆಚ್ಚು ದಿನ ಬಿಡಬೇಕಾಗಬಹುದು. ಅಂಟುಪಟ್ಟಿ ಕೀಳುವಾಗ ಚರ್ಮವೂ ಕಿತ್ತುಬರುತ್ತದೆ ಎಂದು ನರ್ಸ್‌ಗೆ ಮೊದಲೇ ಹೇಳಿ.

ಇನ್ನೊಂದು ವಿಷಯ ಊರಿನ ಔಷಧ ಅಂಗಡಿಯವರಿಗೂ ತಿಳಿದಿರಬೇಕಾದದ್ದು. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು ಸ್ನಾಯುರಜ್ಜು ಹರಿಯುವ, ಮಹಾಪಧಮನಿ ಒಡೆಯುವ ಅಪಾಯ ಹೆಚ್ಚಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ ಮಾರ್ಫಾನ್, ಏಲರ್ಸ್–ಡಾನ್ಲೋಸ್ ಇರುವವರನ್ನು ಹೆಸರಿಸಿಯೇ ಹೇಳಿದೆ. ನಮ್ಮಲ್ಲಿ ಹೊಟ್ಟೆ ಕೆಟ್ಟರೆ, ಉರಿಮೂತ್ರವಾದರೆ ಚೀಟಿಯಿಲ್ಲದೆಯೂ ಕೈಗೆ ಬರುವ ಗುಳಿಗೆಗಳೇ ಇವು. ಬೇರೆ ದಾರಿ ಇಲ್ಲದಾಗ ವೈದ್ಯರು ಬರೆದುಕೊಟ್ಟರೆ ಬೇರೆ ಮಾತು.

ಮನೆಗೆ ಬಂದ ಮೇಲೆ

ಎಲ್ಲರಿಗೂ ಕೊಡುವ ವ್ಯಾಯಾಮದ ಹಾಳೆ ಇವರಿಗೆ ಪೂರ್ತಿ ಹೊಂದುವುದಿಲ್ಲ. ಹಿಮ್ಮಡಿಯ ಕೆಳಗೆ ದಿಂಬಿಟ್ಟು ಮೊಣಕಾಲನ್ನು ತೂಗುಬಿಟ್ಟು ನೆಟ್ಟಗೆ ಮಾಡುವುದು ಬಿಗಿದ ಕಾಲಿನವರಿಗೆ ಒಳ್ಳೆಯದು. ಕಾಲು ಈಗಾಗಲೇ ನೆಟ್ಟಗಾಗಿ ಹಿಂದಕ್ಕೆ ಹೋಗುತ್ತಿದ್ದರೆ ಅದೇ ವ್ಯಾಯಾಮ ಹಿಂಬದಿಯ ಅಂಗಾಂಶವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಮಡಚಿಸಿ ಮಡಚಿಸಿ ಒತ್ತುವುದೂ ಹಾಗೆಯೇ. ಫಿಜಿಯೋಥೆರಪಿಯವರಿಗೆ ‘ನನಗೆ ಮಡಚುವುದಕ್ಕಿಂತ ಕಸುವು ಬೇಕು’ ಎಂದು ಹೇಳಿ. ತೊಡೆಯ ಮುಂದಿನ ಸ್ನಾಯು, ಹಿಂದಿನ ಸ್ನಾಯು, ಟೊಂಕದ ಬದಿಯ ಸ್ನಾಯು ಇವು ಮೂರೂ ಗಟ್ಟಿಯಾದರೆ ರಜ್ಜುವಿನ ಅರ್ಧ ಕೆಲಸ ಅವೇ ಮಾಡುತ್ತವೆ. ನಿಲ್ಲುವಾಗ ಮೊಣಕಾಲನ್ನು ಹಿಂದಕ್ಕೆ ಒತ್ತಿ ಬೀಗ ಹಾಕಿದಂತೆ ನಿಲ್ಲುವ ರೂಢಿ ಸಡಿಲ ಕೀಲಿನವರಲ್ಲಿ ಚಿಕ್ಕಂದಿನಿಂದ ಬಂದಿರುತ್ತದೆ. ಅದನ್ನು ಬಿಡಿಸಬೇಕು, ತುಸುವೇ ಮಡಚಿಟ್ಟು ನಿಲ್ಲಲು ಕನ್ನಡಿಯ ಮುಂದೆ ಅಭ್ಯಾಸ ಮಾಡಿಸಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಮನೆಯವರು ಬೇಸರಿಸಬಾರದು. ಎಣ್ಣೆ ಹಚ್ಚಿ ಕಾಲು ಎಳೆದು ನರ ಬಿಡಿಸುವವರನ್ನು ಮಾತ್ರ ಹೊಸ್ತಿಲ ಒಳಗೆ ಕರೆಯಬೇಡಿ.

ಕೋಲನ್ನು ಆಪರೇಶನ್ ಆಗದ ಕಡೆಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು. ಸಂಡಾಸಕ್ಕೆ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತನ್ನಿ. ರೊಟ್ಟಿ ಬಡಿಯುವ ಕೊಣಮಿಗೆ ಮತ್ತು ಒಲೆ ಸೊಂಟದೆತ್ತರಕ್ಕೆ ಬರಲಿ.

ನೇಕಾರರ ಮನೆಯದು ಬೇರೆಯೇ ಸಮಸ್ಯೆ. ಕುಣಿಮಗ್ಗದಲ್ಲಿ ಕಾಲು ಕೆಳಗಿಳಿಬಿಟ್ಟು ತುಳಿಯುವ ಕೆಲಸ ಅಷ್ಟು ಕೆಟ್ಟದ್ದಲ್ಲ, ಕುಣಿಗೆ ಇಳಿಯುವುದು ಮತ್ತು ಏಳುವುದು ಕೆಟ್ಟದ್ದು: ನೆಲಕ್ಕೆ ಕೂತು, ಮೈ ತಿರುಗಿಸಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ಏಳುತ್ತಾರೆ. ಸಡಿಲ ಮೊಣಕಾಲು ತಿರುಚುವುದು ಇದೇ ಗಳಿಗೆಯಲ್ಲಿ. ಗೋಡೆಗೆ ಗಟ್ಟಿ ಹಿಡಿಕೆ ಬಡಿಸಿ, ಎರಡೂ ಕೈ ಊರಿ ಏಳುವಂತೆ ಮಾಡಿಕೊಳ್ಳಬೇಕು. ಸಾಧ್ಯವಿದ್ದರೆ ನೆಲದ ಮೇಲೆ ನಿಲ್ಲುವ, ಬೆಂಚಿನ ಮೇಲೆ ಕೂತು ನೇಯುವ ಮಗ್ಗಕ್ಕೆ ಬದಲಾಗುವುದು ಮೇಲು. ಪವರ್‌ಲೂಮ್ ನೋಡುವವರು ದಿನವಿಡೀ ನಿಂತೇ ಇರುತ್ತಾರೆ. ಅವರಿಗೆ ಎತ್ತರದ ಸ್ಟೂಲು, ಗಂಟೆಗೊಮ್ಮೆ ಕೂರುವ ಬಿಡುವು ಬೇಕು. ಕಬ್ಬಿನ ಗದ್ದೆಯ ಸಾಲು ಬೋದುಗಳಲ್ಲಿ, ನೀರು ಹಾಯಿಸಿದ ಕರಿಮಣ್ಣಿನಲ್ಲಿ ಹೂತ ಪಾದ ನಿಂತಲ್ಲೇ ನಿಂತು ಮೊಣಕಾಲು ಮಾತ್ರ ತಿರುಗುತ್ತದೆ. ಬದುವಿನ ಮೇಲೆ ನಿಂತು ಹೊಲ ನೋಡಿ, ಒಳಗಿಳಿಯಬೇಡಿ.

ಜಾರಿದಂತಾಗುವುದು ಮೂರು ತಿಂಗಳ ನಂತರವೂ ನಿಲ್ಲದಿದ್ದರೆ ಅಥವಾ ಚೆನ್ನಾಗಿದ್ದ ಕಾಲು ಹೊಸದಾಗಿ ಊದತೊಡಗಿದರೆ ಆಪರೇಶನ್ ಮಾಡಿದವರ ಬಳಿಗೇ ಮೊದಲು ಹೋಗಿ. ಎಲ್ಲಕ್ಕಿಂತ ಮುಂಚೆ ಸೋಂಕು ಇಲ್ಲವೆಂದು ಖಾತ್ರಿಯಾಗಬೇಕು: ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಬೇಕಿದ್ದರೆ ಕೀಲಿನ ನೀರು ತೆಗೆದು ಪರೀಕ್ಷೆ. ಇದಾಗದೆ ಊತಕ್ಕೆಂದು ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ನಿಂತು ತೆಗೆದ, ಟೊಂಕದಿಂದ ಹರಡಿನವರೆಗಿನ ಉದ್ದದ ಎಕ್ಸ್‌ರೇ, ಕಾಲನ್ನು ಬದಿಗೆ ಒತ್ತಿ ಹಿಡಿದು ತೆಗೆದ ಎಕ್ಸ್‌ರೇ, ಲೋಹ ತಿರುಚಿ ಕೂತಿದೆಯೇ ನೋಡಲು ಸಿ.ಟಿ. ಸ್ಕ್ಯಾನ್ ಇವು ಉತ್ತರ ಕೊಡುತ್ತವೆ. ಕಾಲು ನೀಡಿದಾಗ, ತುಸು ಮಡಚಿದಾಗ, ಪೂರ್ತಿ 90ಕ್ಕೆ ಮಡಚಿದಾಗ ಮೂರೂ ಸ್ಥಿತಿಯಲ್ಲಿ ವೈದ್ಯರು ಕೈಯಿಂದ ಅಲುಗಿಸಿ ನೋಡಬೇಕು. ನೀಡಿದಾಗ ಗಟ್ಟಿ ಇದ್ದು ಮಡಚಿದಾಗ ಸಡಿಲಾಗುವ ಬಗೆ ಹೆಚ್ಚಾಗಿ ತಪ್ಪಿಹೋಗುವುದೇ ಇಲ್ಲಿ.

ಸಡಿಲು ಸ್ವಲ್ಪವಿದ್ದರೆ ಬ್ರೇಸ್ ಮತ್ತು ಆರು ತಿಂಗಳ ಸ್ನಾಯು ಬಲವರ್ಧನೆಯಿಂದ ಸುಧಾರಿಸಬಹುದು. ಮರು ಆಪರೇಶನ್ ಬೇಕೆಂದಾದರೆ ‘ಬಿಲ್ಲೆಯನ್ನಷ್ಟೇ ದಪ್ಪನೆಯದಕ್ಕೆ ಬದಲಿಸುತ್ತೇವೆ’ ಎಂಬ ಚಿಕ್ಕ ದಾರಿ ಆಕರ್ಷಕ, ಆದರೆ ರಜ್ಜುವೇ ದುರ್ಬಲವಿದ್ದಾಗ ಅದು ಬಾಳಿಕೆ ಬರುವುದು ಕಡಿಮೆ. ಏಕೆ ಸಡಿಲಾಯಿತು ಎಂಬ ಕಾರಣ ಹೇಳದ ಮರು ಆಪರೇಶನ್‌ಗೆ ಒಪ್ಪುವ ಮೊದಲು ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಕೀಲು ಪೂರ್ತಿ ತಪ್ಪಿ ಪಾದ ತಣ್ಣಗಾದರೆ, ಮೀನಖಂಡ ಊದಿ ಉಸಿರು ಕಟ್ಟಿದರೆ, ಗಾಯ ಸೋರಿ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ.

ಎಲ್ಲಿಗೆ, ಎಷ್ಟಕ್ಕೆ

ಮೊದಲ ಸಲದ ಸಾದಾ ಆಪರೇಶನ್ ಹತ್ತಿರದಲ್ಲೇ ಆಗಬಹುದು. ಸಡಿಲ ಕೀಲಿನವರದು ಮತ್ತು ಮರು ಆಪರೇಶನ್ ಅಂಥದ್ದಲ್ಲ. ಮೂಳೆ, ಅರಿವಳಿಕೆ, ಹೃದಯ, ಸಂಧಿವಾತದ ತಜ್ಞರು ಒಂದೇ ಸೂರಿನಡಿ ಸಿಗುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಒಳ್ಳೆಯದು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ನಾಲ್ಕೂ ಕಡೆ ಅಂಥವಿವೆ. ನಮ್ಮ ಜನ ರೂಢಿಯಂತೆ ಕುಡಚಿಯಲ್ಲಿ ರೈಲು ಹತ್ತಿ ಮಿರಜಗೂ ಹೋಗುತ್ತಾರೆ. ಅದು ಮಹಾರಾಷ್ಟ್ರ; ನಿಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿ.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ಖಾಸಗಿಗೆ ಹೋಗಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಜಮಖಂಡಿ ತಾಲ್ಲೂಕು ಆಸ್ಪತ್ರೆಯಿಂದಲೇ ಆರಂಭಿಸಿ, ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮರು ಆಪರೇಶನ್ ಮತ್ತು ಬಿಗಿ ಹಿಡಿಯುವ ಕೀಲು ಪ್ಯಾಕೇಜಿನಲ್ಲಿ ಸೇರುತ್ತವೆಯೇ ಎಂದು ಬೇರೆಯಾಗಿಯೇ ಕೇಳಿ. ಸಹಕಾರಿ ಸಂಘದ ಸದಸ್ಯರಾದ ರೈತರು, ನೇಕಾರರು ಮತ್ತೆ ಚಾಲನೆಗೆ ಬಂದಿರುವ ಯಶಸ್ವಿನಿ ಯೋಜನೆಯ ಬಗ್ಗೆ ತಮ್ಮ ಸಂಘದಲ್ಲಿ ವಿಚಾರಿಸಬಹುದು.

ಕೀಲಿನ ಬೆಲೆಗೆ ಕೇಂದ್ರ ಸರಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಆಗ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಮರು ಆಪರೇಶನ್‌ನ ಕೀಲಿಗೆ 1,13,950 ರೂಪಾಯಿ, ಜಿಎಸ್‌ಟಿ ಬೇರೆ. ಮುಂದೆ ಈ ದರಗಳು ಪರಿಷ್ಕರಣೆಯಾಗುತ್ತ ಬಂದಿವೆ, ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆ ತೋರಿಸಲು ಕೇಳುವ ಹಕ್ಕು ನಿಮಗಿದೆ. ಅದರ ಜೊತೆಗೆ ಕೀಲಿನ ಪೆಟ್ಟಿಗೆಯ ಸ್ಟಿಕರ್‌ಗಳನ್ನು ಅಂಟಿಸಿದ ಹಾಳೆಯ ಪ್ರತಿಯನ್ನೂ ಕೇಳಿ ಪಡೆಯಿರಿ. ಕಂಪನಿ, ಮಾದರಿ, ಅಳತೆ, ಬಿಲ್ಲೆಯ ದಪ್ಪ ಎಲ್ಲ ಅದರಲ್ಲಿರುತ್ತದೆ. ಹತ್ತು ವರ್ಷದ ನಂತರ ಬೇರೆ ಊರಿನಲ್ಲಿ ಬೇರೆ ವೈದ್ಯರು ಆ ಮೊಣಕಾಲನ್ನು ತೆರೆಯಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಆ ಹಾಳೆಯನ್ನೇ. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡು, ಮಗನಿಗೋ ಸೊಸೆಗೋ ಒಂದು ಪ್ರತಿ ಕಳಿಸಿಡಿ.